ಈ ವರ್ಷವೂ ಇರಲಿ



ಸಂತ ಲೂಕರ ಶುಭಸಂದೇಶದ ಅಂಜೂರದ ಮರದ ಸಾಮತಿ (13:6-9) ತಪಸ್ಸುಕಾಲದಲ್ಲಿ ನಾವು ಕೇಳುವಂಥದ್ದು. ಮೂರು ವರ್ಷ ಹಣ್ಣು ಹುಡುಕಿ ಬೇಸತ್ತ ಯಜಮಾನ ಮರವನ್ನು ಕಡಿಯಲು ಹೇಳುತ್ತಾನೆ. ತೋಟಗಾರ ಮಾತ್ರ ಇನ್ನೊಂದು ವರ್ಷಕ್ಕಾಗಿ ಬೇಡುತ್ತಾನೆ; ಬುಡ ಅಗೆದು ಗೊಬ್ಬರ ಹಾಕುವ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಾನೆ.

ನೀಲಗಿರಿಯ ನಮ್ಮ ಮನೆಗಳ ಕಿಟಕಿಗಳಲ್ಲಿ ಜೇಡ್ ಗಿಡ ಕಾಣುತ್ತದೆ. ಕೆಲವರು ಅದನ್ನು ಅಗಲ ಕುಂಡದಲ್ಲಿಟ್ಟು, ಸವರಿ ಸವರಿ, ಪುಟ್ಟ ಬೋನ್ಸಾಯ್ ಮರವಾಗಿಸಿದ್ದಾರೆ. ದಕ್ಷಿಣ ಆಫ್ರಿಕಾದ ಒಣ ಗುಡ್ಡಗಳ ಗಿಡ ಅದು. ನಮ್ಮ ಡಿಸೆಂಬರ್, ಜನವರಿಯ ಮಂಜುಗಡ್ಡೆಯ ರಾತ್ರಿಗಳನ್ನು ತಾಳದು. ಹೊರಗೆ ಬಿಟ್ಟರೆ ಎಲೆಯೊಳಗಿನ ನೀರೇ ಹೆಪ್ಪುಗಟ್ಟಿ, ಬಿಸಿಲೇರುವಾಗ ಎಲೆ ಬೆಂದಂತೆ ಜೋತುಬೀಳುತ್ತದೆ. ಆದ್ದರಿಂದ ಮನೆಯೊಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಕು.

ಬಾಯಾರಿ ಸಾಯುವ ಜೇಡ್ ಅಪರೂಪ. ಹೆಚ್ಚಿನವು ನಾವು ಪ್ರೀತಿಯಿಂದ ಸುರಿದ ನೀರಿಗೇ ಸಾಯುತ್ತವೆ. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿಯಿಲ್ಲದೆ ಕೊಳೆಯುತ್ತದೆ, ಎಲೆ ಹಳದಿಯಾಗಿ ಮೆತ್ತಗಾಗುತ್ತದೆ. ಅದನ್ನು ಕಂಡು ಗಾಬರಿಯಾದವರು ಇನ್ನೊಂದು ಚೊಂಬು ನೀರು ಹಾಕುತ್ತಾರೆ! ನಿಜವಾಗಿ ಬಾಯಾರಿದಾಗ ಎಲೆ ಸುಕ್ಕುಗಟ್ಟುತ್ತದೆ. ಬೆರಳಿಟ್ಟು ನೋಡಿದರೆ ಮಣ್ಣು ಆಳದವರೆಗೂ ಒಣಗಿರುತ್ತದೆ. ಕತ್ತರಿಸಿದ ಕೊಂಬೆಯನ್ನು ನೆಡುವ ಮೊದಲು ಒಂದು ವಾರ ನೆರಳಿನಲ್ಲಿಟ್ಟು ಗಾಯ ಒಣಗಿಸಬೇಕು. ಹಸಿಗಾಯ ಒದ್ದೆ ಮಣ್ಣಿಗೆ ಇಳಿದರೆ ಕೊಳೆಯುತ್ತದೆ.

ನಮ್ಮ ಮನೆಗಳಲ್ಲೂ ಹಸಿಗಾಯಗಳಿವೆ. ಕೊಯಮತ್ತೂರಿನಲ್ಲಿ ಕೆಲಸ ಕಳೆದುಕೊಂಡು ಹಿಂದಿರುಗಿದ ಮಗ. ಆರು ತಿಂಗಳಿಂದ ಪೂಜೆಗೆ ಬಾರದ ಮಗಳು. ಬೆಳಿಗ್ಗೆ ಅಪ್ಪನ ಬುದ್ಧಿಮಾತು, ಮಧ್ಯಾಹ್ನ ಅತ್ತೆಯ ಫೋನು, ರಾತ್ರಿ ಜಪಸರದ ನಡುವೆ ಅಮ್ಮನ ನಿಟ್ಟುಸಿರು. ಯಾವುದರಲ್ಲೂ ಪ್ರೀತಿಗೆ ಕೊರತೆಯಿಲ್ಲ. ಆದರೂ ಆ ಮಗು ದಿನೇ ದಿನೇ ಬಾಗಿಲು ಹಾಕಿಕೊಂಡು ಕೂರುತ್ತದೆ. (ನಮ್ಮ ಪ್ರಬೋಧನೆಗಳೂ ಕೆಲವೊಮ್ಮೆ ಹೀಗೇ ಚೊಂಬುಗಟ್ಟಲೆ ಸುರಿಯುತ್ತವೆ ಎಂದು ನೀವು ಅಂದುಕೊಂಡರೆ ನಾನು ಜಗಳಕ್ಕೆ ಬರುವುದಿಲ್ಲ.)

ಹಾಗೆಂದು ಮಾತು ನಿಲ್ಲಿಸಿ ಮುಖ ತಿರುಗಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸಾಮತಿಯ ತೋಟಗಾರ ಮರವನ್ನು ಬಿಟ್ಟು ಹೋಗಲಿಲ್ಲ. ಅವನು ಕೈಹಾಕಿದ್ದು ಬುಡದ ಮಣ್ಣಿಗೆ; ವಾದ ಮಾಡಿದ್ದು ಯಜಮಾನನ ಬಳಿ. ಮರಕ್ಕೆ ಒಂದು ಮಾತನ್ನೂ ಅನ್ನಲಿಲ್ಲ. ಊಟದ ತಟ್ಟೆ ಹೊತ್ತಿಗೆ ಸರಿಯಾಗಿ ಮಗನ ಮುಂದೆ ಬರಲಿ, ಮನೆಯ ದೀಪ ಉರಿಯುತ್ತಿರಲಿ, ಹೇಳಬೇಕಾದದ್ದನ್ನು ಮೊದಲು ಪ್ರಭುವಿಗೆ ಹೇಳಿ. ಆ ಮರ ಮುಂದೆ ಹಣ್ಣು ಬಿಟ್ಟಿತೋ ಇಲ್ಲವೋ, ಯೇಸುಸ್ವಾಮಿ ಹೇಳಲಿಲ್ಲ.

ಶುಕ್ರವಾರ ಶಿಲುಬೆಯ ಹಾದಿಯ ನಂತರ ಪೀಠದ ಬಳಿ ಒಂದು ಬುಟ್ಟಿ ಇಡುತ್ತೇವೆ. ನೀವು ಕಾಯುತ್ತಿರುವವರ ಹೆಸರನ್ನು ಚೀಟಿಯಲ್ಲಿ ಬರೆದು ಹಾಕಿ. ಕನ್ನಡ, ತಮಿಳು, ಮಲಯಾಳಂ, ಯಾವ ಅಕ್ಷರವಾದರೂ ಸರಿ. ಹೆಸರೊಂದೇ ಸಾಕು, ಕಾರಣ ಬರೆಯಬೇಡಿ.