ಆರನೆಯ ಸೂನೆ

ಗೃಹಸ್ಥನ ಮನೆಯಲ್ಲಿ ಐದು ವಧಸ್ಥಾನಗಳಿವೆಯೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ಹೇಳುತ್ತದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ ಇವೇ ಆ ಐದು. ಇವಕ್ಕೆ ಸೂನೆಗಳೆಂದು ಹೆಸರು, ಸೂನೆಯೆಂದರೆ ಕಸಾಯಿಖಾನೆ. ಆ ಸ್ಮೃತಿಯ ಎಷ್ಟೋ ವಿಧಿಗಳನ್ನು ಇಂದು ಒಪ್ಪಲಾಗದು, ಒಪ್ಪಲೂ ಬಾರದು. ಆದರೆ ಕೊಲ್ಲಬೇಕೆಂಬ ಸಂಕಲ್ಪವೇ ಇಲ್ಲದೆ ಕೊಲೆ ನಡೆಯುವ ಸ್ಥಳಗಳನ್ನು ಗುರುತಿಸಿ, ಅವಕ್ಕೆ ಇಷ್ಟು ನಿಷ್ಠುರವಾದ ಹೆಸರನ್ನಿಟ್ಟ ಪ್ರಾಮಾಣಿಕತೆಯನ್ನು ಮೆಚ್ಚದಿರಲಾರೆವು. ಅಂಗಳದಲ್ಲಿ ನಿಂತಿರುವ ಕಾರನ್ನು ಈಗ ಆರನೆಯ ಸೂನೆಯೆಂದು ಎಣಿಸಬೇಕೆ, ಎಣಿಸಿದರೆ ಅದರಿಂದ ನಮಗೆ ಒದಗುವ ಕರ್ತವ್ಯವೇನು ಎಂಬುದು ಪ್ರಕೃತ ವಿಚಾರ.

ನಮ್ಮ ನಿಟ್ಟೂರಿನ ಕಡೆಯವರಿಗೆ ಇದು ಬರಿಯ ತರ್ಕವಿನೋದವಲ್ಲ. ಮೊದಲ ಮಳೆ ಬಿದ್ದು ನೆಲದ ಕಾವು ಆರಿದ ಸಂಜೆ ಈಸಲು ಹುಳುಗಳು ಹುತ್ತದ ಬಾಯಿಂದ ಹೊಗೆಯೆದ್ದಂತೆ ಏಳುತ್ತವೆ. ರೆಕ್ಕೆ ಬಂದ ಗೆದ್ದಲೇ ಅವು. ಅವುಗಳ ಜನ್ಮದಲ್ಲಿ ಹಾರಾಟವೆಂಬುದು ಅದೊಂದೇ ಸಲ. ನೆಲಕ್ಕಿಳಿದು, ರೆಕ್ಕೆ ಉದುರಿಸಿ, ಜೋಡಿಗೂಡಿ ಮಣ್ಣು ಹೊಕ್ಕು ಹೊಸ ಸಂಸಾರವನ್ನು ಹೂಡಬೇಕು. ಹಕ್ಕಿ, ಕಪ್ಪೆ, ಹಲ್ಲಿ, ಇರುವೆಗಳ ಬಾಯಿ ತಪ್ಪಿಸಿಕೊಂಡು ಅಲ್ಲಿಯವರೆಗೆ ಸಾಗುವವು ಅತ್ಯಲ್ಪ. ಅದೇ ಹೊತ್ತಿನಲ್ಲಿ ಕೊಲ್ಲೂರಿನ ಯಾತ್ರಿಕರ ವಾಹನಗಳು ದೀಪ ಹೊತ್ತಿಸಿಕೊಂಡು ನಮ್ಮೂರನ್ನು ಹಾಯುತ್ತವೆ. ಬೆಳಗಾದ ಮೇಲೆ ನೋಡಿದರೆ ಮುಂದಿನ ಗಾಜಿನ ಮೇಲೆ, ದೀಪಗಳ ಮೇಲೆ, ನಂಬರಿನ ಹಲಗೆಯ ಮೇಲೆ ರೆಕ್ಕೆ, ಕಾಲು, ಹಳದಿ ರಸ ಎಲ್ಲ ಒಣಗಿ ಅಂಟಿಕೊಂಡಿರುತ್ತವೆ. ದೇವಿಯ ದರ್ಶನಕ್ಕೆ ಹೊರಟವರು ಇದನ್ನು ನೋಡಿ ಮೊದಲು ಕೇಳುವುದು ಬಣ್ಣಕ್ಕೆ ಏನಾದೀತೆಂದು.

ಉದ್ದೇಶವಿಲ್ಲದ್ದರಿಂದ ದೋಷವಿಲ್ಲವೆಂದು ಸುಲಭವಾಗಿ ಹೇಳಿಬಿಡುವವರುಂಟು. ಇಲ್ಲಿ ಮಹಾಭಾರತದ ಆದಿಪರ್ವದ ಮಾಂಡವ್ಯನನ್ನು ನೆನೆಯಬೇಕು. ಕಳ್ಳತನದ ಆರೋಪಕ್ಕೆ ಸಿಕ್ಕಿ ಶೂಲಕ್ಕೇರಿದ ಆ ಋಷಿಯು ತನಗೆ ಈ ಯಾತನೆ ಏಕೆ ಬಂದಿತೆಂದು ಧರ್ಮನನ್ನು ಕೇಳಲು, ಬಾಲ್ಯದಲ್ಲಿ ಹಾರುವ ಹುಳುಗಳನ್ನು ಹುಲ್ಲಿನ ಕಡ್ಡಿಯಿಂದ ಚುಚ್ಚಿದುದರ ಫಲವಿದು ಎಂಬ ಉತ್ತರ ಬಂದಿತು. ಋಷಿಯು ಕೋಪಗೊಂಡು ಧರ್ಮನಿಗೆ ಶಾಪವಿತ್ತನು; ವಿದುರನ ಜನ್ಮಕ್ಕೆ ಅದೇ ಕಾರಣ. ಹದಿನಾಲ್ಕು ವರ್ಷದೊಳಗಿನವರು ಮಾಡಿದುದು ಪಾತಕವಾಗಕೂಡದೆಂಬ ಮರ್ಯಾದೆಯನ್ನೂ ಆತನು ಹಾಕಿದನು. ಗಮನಿಸಬೇಕಾದುದು ಇಷ್ಟು: ಹುಳುವಿನ ನೋವು ಗಣನೆಗೆ ಬಾರದೆಂದು ಮಾಂಡವ್ಯನು ವಾದಿಸಲಿಲ್ಲ. ಆತನ ಆಕ್ಷೇಪವೆಲ್ಲ ದಂಡನೆಯ ಪ್ರಮಾಣದ ಮೇಲೆ, ಅರಿಯದ ವಯಸ್ಸಿನ ಮೇಲೆ. ಕಾರು ನಡೆಸುವ ಪರವಾನಗಿಯಾದರೋ ಹದಿನೆಂಟು ತುಂಬದವರಿಗೆ ಸಿಕ್ಕುವುದಿಲ್ಲ; ಆ ರಿಯಾಯಿತಿಯನ್ನು ನಾವು ಕೇಳುವಂತಿಲ್ಲ.

ಈ ಪ್ರಶ್ನೆಯನ್ನು ಜೈನರಷ್ಟು ಸೂಕ್ಷ್ಮವಾಗಿ ನೋಡಿದವರು ಬೇರೆ ಇಲ್ಲವೆಂದೇ ನನ್ನ ಭಾವನೆ. ಅವರ ಪುಣ್ಯಕ್ಷೇತ್ರವಾದ ಹುಂಚವು ನಮ್ಮ ಹೊಸನಗರ ತಾಲ್ಲೂಕಿನಲ್ಲಿಯೇ ಇದೆ. ನೆಲವೆಲ್ಲ ಜೀವಮಯವಾಗುವ ಮಳೆಗಾಲದಲ್ಲಿ ಅವರ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲಸುತ್ತಾರೆ. ಉಳಿದ ಕಾಲದಲ್ಲಿಯೂ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಯೇ ಹೆಜ್ಜೆಯಿಡಬೇಕು, ಇದು ಈರ್ಯಾಸಮಿತಿ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿಯು ಪ್ರಾಣಹರಣವನ್ನಷ್ಟೇ ಹಿಂಸೆಯೆನ್ನದೆ, ಪ್ರಮಾದದಿಂದಾಗುವ ಪ್ರಾಣಹರಣವನ್ನು ಹಿಂಸೆಯೆಂದನು. ಎಚ್ಚರದಿಂದ ನಡೆದವನ ಕಾಲಡಿಗೆ ಹುಳು ಸಿಕ್ಕಿದರೆ ಅದು ಒಂದು ಬಗೆ. ನೋಡದೆ ನಡೆದವನ ಕಾಲಡಿಗೆ ಏನೂ ಸಿಕ್ಕದಿದ್ದರೂ ಅವನ ನಡಿಗೆ ಶುದ್ಧವಲ್ಲ. ಕಾರಿನ ದೀಪವು ನಾಲ್ಕು ಮೊಳವಲ್ಲ, ನೂರಾರು ಮೊಳ ದೂರ ತೋರಿಸುತ್ತದೆ. ಆದರೆ ಆ ವೇಗದಲ್ಲಿ ಕಂಡೂ ತಡೆಯುವಂತಿಲ್ಲ. ಆದಕಾರಣ ಎಚ್ಚರವೆಂಬುದು ಚಕ್ರ ಹಿಡಿದ ಮೇಲೆ ಅಲ್ಲ, ಹೊರಡುವ ಮುನ್ನವೇ ಬರಬೇಕಾಗಿದೆ.

ಹುಳುಗಳೇ ಬಂದು ಬೀಳುತ್ತವೆ, ನಾವೇನು ಮಾಡೋಣ ಎಂಬ ಮಾತೂ ಇದೆ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಪತಂಗವು ಉರಿಯುವ ಜ್ವಾಲೆಗೆ ತಾನೇ ನುಗ್ಗುತ್ತದೆ. ನಮ್ಮ ಕವಿಗಳು ಅದನ್ನು ಮೋಹಾಂಧತೆಗೆ ಉಪಮಾನ ಮಾಡಿ ದಣಿದಿಲ್ಲ. 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮೊದಲಾದ ವಿಜ್ಞಾನಿಗಳು ಪ್ರಕಟಿಸಿದ ಶೋಧನೆಯು ಈ ಉಪಮಾನದ ಬುಡವನ್ನೇ ಅಲುಗಿಸಿದೆ. ರಾತ್ರಿಯಲ್ಲಿಯೂ ನೆಲಕ್ಕಿಂತ ಆಕಾಶವೇ ಬೆಳ್ಳಗಿರುವುದರಿಂದ ಕೀಟಗಳು ಬೆಳಕಿನ ಕಡೆಗೆ ಬೆನ್ನು ಮಾಡಿ ಹಾರುತ್ತವೆ. ಮೇಲಾವುದು ಕೆಳಗಾವುದು ಎಂದು ತಿಳಿಯುವ ಉಪಾಯ ಅದು. ದೀಪವೊಂದು ಪಕ್ಕದಲ್ಲಿ ಬೆಳಗಿದರೆ ಅದಕ್ಕೇ ಬೆನ್ನು ತಿರುಗಿಸಿ ಸುತ್ತುತ್ತ ಸುತ್ತುತ್ತ ಸಿಕ್ಕಿಬೀಳುತ್ತವೆ. ಅತಿವೇಗದ ಕ್ಯಾಮೆರಾಗಳಿಂದ ಇದನ್ನು ಕಂಡುಕೊಂಡರು. ಹಾಗಾದರೆ ಪತಂಗವು ಬೀಳುವುದು ಆಸೆಯಿಂದಲ್ಲ, ದಿಕ್ಕು ತಪ್ಪಿ. ದಿಕ್ಕು ತಪ್ಪಿಸಿದವರು ನಾವು. ಜಗಲಿಯ ದೀಪದಡಿ ನೀರಿನ ತಟ್ಟೆಯಿಟ್ಟು ಈಸಲು ಹುಳುಗಳನ್ನು ಮುಳುಗಿಸುವ ರೂಢಿ ಹಲವು ಮನೆಗಳಲ್ಲಿದೆ. ದೀಪವನ್ನೇ ಸ್ವಲ್ಪ ಹೊತ್ತು ಆರಿಸಿದರೆ ತಟ್ಟೆಯೂ ಬೇಡ, ಬೆಳಗ್ಗೆ ರೆಕ್ಕೆ ಗುಡಿಸುವ ಕೆಲಸವೂ ಕಡಿಮೆ.

ಲಕ್ಷಗಟ್ಟಲೆ ಹುಟ್ಟುವುದರಲ್ಲಿ ನಾಲ್ಕು ಸತ್ತರೆ ಲೆಕ್ಕವೇನೆಂಬ ವಾದಕ್ಕೆ ಉತ್ತರವನ್ನು ಯೂರೋಪು ಕೊಟ್ಟಿದೆ. ಡೆನ್ಮಾರ್ಕಿನಲ್ಲಿ 1997ರಿಂದ 2017ರವರೆಗೆ ಒಂದೇ ದಾರಿಯಲ್ಲಿ ಕಾರು ಓಡಿಸಿ ಗಾಜಿಗೆ ಬಡಿದ ಕೀಟಗಳನ್ನು ಎಣಿಸಿದಾಗ, ಸಂಖ್ಯೆಯು ನೂರಕ್ಕೆ ಎಂಬತ್ತರಷ್ಟು ಇಳಿದಿತ್ತು. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿಯೇ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕವು ಮುಕ್ಕಾಲು ಪಾಲಿಗಿಂತ ಹೆಚ್ಚು ಕುಗ್ಗಿತೆಂದು 2017ರಲ್ಲಿ ವರದಿಯಾಯಿತು. ಇದು ಕಾರಿಗೆ ಬಡಿದೇ ಆದುದೆಂದು ಹೇಳಲು ಬಾರದು. ಆದರೆ ಗಾಜು ಸ್ವಚ್ಛವಾಗಿದ್ದರೆ ಸಂತೋಷಪಡುವ ಮುನ್ನ ಯೋಚಿಸಬೇಕಾಗಿದೆ. ನಮ್ಮ ಮಲೆನಾಡಿನ ಏಲಕ್ಕಿಯು ಕಾಯಿ ಕಟ್ಟುವುದಕ್ಕೆ ಜೇನುಹುಳು ಬರಬೇಕು.

ಸ್ಮೃತಿಕಾರನು ಒಲೆಯನ್ನು ಆರಿಸಿರೆಂದು ಹೇಳಲಿಲ್ಲ. ಐದು ಸೂನೆಗಳಿಗೆ ಪ್ರತಿಯಾಗಿ ಐದು ಯಜ್ಞಗಳನ್ನು ವಿಧಿಸಿದನು, ಅವುಗಳಲ್ಲಿ ಭೂತಯಜ್ಞವೊಂದು. ಕಾಗೆಗೂ ಕ್ರಿಮಿಗೂ ಸಲ್ಲುವ ಅನ್ನವನ್ನು ಮೆಲ್ಲಗೆ ನೆಲದ ಮೇಲಿಡಬೇಕಂತೆ. ಆ ‘ಮೆಲ್ಲಗೆ’ ಎಂಬ ಮಾತು ನನಗೆ ಬಹು ಪ್ರಿಯ. ರೋಗಿಯನ್ನು ರಾತ್ರಿಯಲ್ಲಿ ಮಣಿಪಾಲಕ್ಕೆ ಒಯ್ಯುವವನನ್ನು ಯಾರೂ ಪ್ರಮತ್ತನೆನ್ನಲಾರರು. ಸಂಬಳಕ್ಕೆ ಬಸ್ಸು ನಡೆಸುವವನು ನಿಲ್ಲಿಸಲೂ ಆರನು. ವಿನೋದಕ್ಕಾಗಿ ಹೊರಟವನು ಮಾತ್ರ ಹುಳು ಏಳುವ ಸಂಜೆ ಒಂದು ಗಂಟೆ ತಡೆದು ಹೋಗಬಹುದು, ಇಲ್ಲವೆ ನಿಧಾನವಾಗಿ ಹೋಗಬಹುದು. ಆಯುಧಪೂಜೆಯ ದಿನ ಚಕ್ರದಡಿಗೆ ನಿಂಬೆಹಣ್ಣಿಡುವುದಕ್ಕಿಂತ ಇದಕ್ಕೆ ಖರ್ಚು ಕಡಿಮೆ.

ಇನ್ನು ತೊಳೆಯುವ ವಿಚಾರ. ಒಣಗಿದುದನ್ನು ಕೆರೆದರೆ ಗೀರು ಬೀಳುತ್ತದೆ. ಬಿಸಿಲೇರುವ ಮುನ್ನ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಟ್ಟರೆ ತಾನಾಗಿ ಬಿಡುತ್ತದೆ. ದಾರಿಯಲ್ಲಿ ವೈಪರು ಹಾಕಿ ಬಳಿದರೆ ಗಾಜು ಮಬ್ಬಾಗಿ ಎದುರಿನಿಂದ ಬರುವ ಮನುಷ್ಯನೇ ಕಾಣದೆ ಹೋಗುವ ಅಪಾಯವುಂಟು. ಪೊರಕೆ ಹಿಡಿದವಳಿಗೆ ತನ್ನ ಪೊರಕೆಗೆ ಸಿಕ್ಕ ಇರುವೆ ಕಾಣುತ್ತಿತ್ತು. ಕಾರಿನ ವಿಷಯದಲ್ಲಿ ಹಾಗಲ್ಲ. ರಾತ್ರಿ ಓಡಿಸಿದವರು ಇನ್ನೂ ಮಲಗಿರುವಾಗಲೇ, ಕೂಲಿಗೆ ಬಂದ ಹುಡುಗನೊಬ್ಬ ಬಕೆಟ್ಟಿನಲ್ಲಿ ನೀರು ತಂದು ಎಲ್ಲವನ್ನೂ ಒರೆಸಿ ಹೋಗಿರುತ್ತಾನೆ.