ಮೊದಲು ಕುಡಿದು ನೋಡುವವರು

ದೂರದಲ್ಲಿ ಹೊಳೆಯುತ್ತಿರುವುದು ನೀರೋ ಬಿಸಿಲುಗುದುರೆಯೋ? ಹೋಗಿ ಕುಡಿದು ನೋಡಿ, ದಾಹ ತೀರಿದರೆ ಕಂಡದ್ದು ನಿಜ ಎನ್ನುತ್ತಾರೆ ನೈಯಾಯಿಕರು. ಒಂದು ಜ್ಞಾನ ಸರಿಯೆಂಬುದು ಆ ಜ್ಞಾನದಿಂದಲೇ ಗೊತ್ತಾಗುವುದಿಲ್ಲ, ಹೊರಗಿನಿಂದ ತಿಳಿಯಬೇಕು. ಇದು ಪರತಃ ಪ್ರಾಮಾಣ್ಯ. ಮೀಮಾಂಸಕರು ಇದಕ್ಕೆ ಸುತರಾಂ ಒಪ್ಪರು. ಒಂದಕ್ಕೆ ಇನ್ನೊಂದರ ಆಧಾರ ಬೇಕಾದರೆ ಆ ಇನ್ನೊಂದಕ್ಕೆ ಮತ್ತೊಂದು ಬೇಕು, ಅನವಸ್ಥೆಗೆ ಕೊನೆಯೆಲ್ಲಿ? ತಪ್ಪೆಂದು ತೋರಿಸುವ ಬಾಧಕ ಕಾಣುವ ತನಕ ಕಂಡದ್ದನ್ನು ಸರಿಯೆಂದೇ ಹಿಡಿಯಬೇಕು ಎಂಬುದು ಅವರ ವಾದ. ಇದು ಸ್ವತಃ ಪ್ರಾಮಾಣ್ಯ. ಉಡುಪಿಯ ಮಧ್ವಾಚಾರ್ಯರ ಪರಂಪರೆಯೂ ಸ್ವತಃ ಪ್ರಾಮಾಣ್ಯದ ಕಡೆಗೇ ನಿಲ್ಲುತ್ತದೆ.

ಸಾವಿರ ವರ್ಷಕ್ಕೂ ಹಳೆಯದಾದ ಈ ಜಗಳ ಡೆಬಿಯನ್ ಲಿನಕ್ಸ್ ಬಳಸುವವರ ಕಂಪ್ಯೂಟರಿನಲ್ಲಿ ಇವತ್ತಿಗೂ ನಡೆಯುತ್ತಿದೆ. ತಂತ್ರಾಂಶದ ಪ್ಯಾಕೇಜುಗಳು ಯಾವ ರೆಪಾಸಿಟರಿಯಿಂದ (ಸಂಗ್ರಹದಿಂದ) ಬರಬೇಕು, ಸ್ಟೇಬಲ್‌ನಿಂದಲೋ ಟೆಸ್ಟಿಂಗ್‌ನಿಂದಲೋ ಎಂದು ಅವರು ತೀರ್ಮಾನಿಸಬೇಕು.

ಇಯಾನ್ ಮರ್ಡಾಕ್ 1993ರಲ್ಲಿ ಶುರುಮಾಡಿದ ಡೆಬಿಯನ್ ತನ್ನ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಚಿತ್ರದ ಪಾತ್ರಗಳ ಹೆಸರಿಡುತ್ತದೆ. ಎಂದೂ ಬಿಡುಗಡೆಯಾಗದ ಅನ್‌ಸ್ಟೇಬಲ್ ಎಂಬ ರೆಪಾಸಿಟರಿಗೆ ಇಟ್ಟ ಹೆಸರು ಸಿಡ್. ಆಟಿಕೆಗಳನ್ನು ಮುರಿದುಹಾಕುವ ಪಕ್ಕದ ಮನೆಯ ಹುಡುಗ. ಹೊಸ ಪ್ಯಾಕೇಜು ಸಾಮಾನ್ಯವಾಗಿ ಮೊದಲು ಬೀಳುವುದು ಇವನ ಕೈಗೇ. ಎಷ್ಟು ತುರ್ತೆಂಬುದನ್ನು ನೋಡಿಕೊಂಡು ಎರಡೋ ಐದೋ ಹತ್ತೋ ದಿನ ಅಲ್ಲಿರುತ್ತದೆ. ಅಷ್ಟರಲ್ಲಿ ಹೊಸದಾಗಿ ಗಂಭೀರ ದೋಷದ ದೂರು ಬರದಿದ್ದರೆ, ಅದು ನೆಚ್ಚಿಕೊಂಡ ಇತರ ಪ್ಯಾಕೇಜುಗಳೂ ಸರಿಯಿದ್ದರೆ, ಟೆಸ್ಟಿಂಗ್‌ಗೆ ದಾಟುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್‌ಗೆ ಹೊಸದು ಬರುವುದನ್ನು ತಡೆದು, ಉಳಿದ ದೋಷಗಳನ್ನು ತಿದ್ದಿ, ಅದನ್ನೇ ಸ್ಟೇಬಲ್ ಎಂದು ಬಿಡುಗಡೆ ಮಾಡುತ್ತಾರೆ.

ಇಲ್ಲೊಂದು ತಮಾಷೆಯಿದೆ. ಸ್ಟೇಬಲ್ ಆರಿಸಿಕೊಳ್ಳುವವರು ತಮ್ಮನ್ನು ನೈಯಾಯಿಕರೆಂದೇ ಭಾವಿಸಿರುತ್ತಾರೆ: ಪರೀಕ್ಷೆಯಾದದ್ದು ಮಾತ್ರ ಸಾಕು. ಆದರೆ ಪ್ಯಾಕೇಜನ್ನು ಮೇಲೇರಿಸಿದ ನಿಯಮ ಅಪ್ಪಟ ಮೀಮಾಂಸಕರದ್ದು. ಬಾಧಕ ಕಾಣಲಿಲ್ಲ, ಆದ್ದರಿಂದ ಸರಿ. ಯಾರೂ ದೂರು ಕೊಡದಿರುವುದಕ್ಕೆ ದೋಷವಿಲ್ಲದಿರುವುದೊಂದೇ ಕಾರಣವಲ್ಲ. ಯಾರೂ ನೋಡಿಲ್ಲದೆಯೂ ಇರಬಹುದು.

ಇದಕ್ಕೆ ಡೆಬಿಯನ್ ದೊಡ್ಡ ಬೆಲೆಯನ್ನೇ ತೆತ್ತಿದೆ. ಮೆಮೊರಿಯ ತಪ್ಪುಗಳನ್ನು ಹುಡುಕುವ ವಾಲ್‌ಗ್ರೈಂಡ್ ಎಂಬ ಸಾಧನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿಯ ಲೈಬ್ರರಿಯ ಕುರಿತು ತಕರಾರು ತೆಗೆಯುತ್ತಿತ್ತು. ಅದರ ಬಾಯಿ ಮುಚ್ಚಿಸಲು ಡೆಬಿಯನ್ 2006ರಲ್ಲಿ ಒಂದೆರಡು ಸಾಲುಗಳನ್ನು ಕೈಬಿಟ್ಟಿತು. ಯಾರ ಊಹೆಗೂ ಸಿಗಬಾರದ ಗೂಢಲಿಪಿಯ ಕೀಲಿಗಳು ಆಮೇಲೆ ಪ್ರತಿ ಬಗೆಯಲ್ಲಿ ಹೆಚ್ಚೆಂದರೆ 32,768 ಆಗಿಬಿಟ್ಟವು. ಯಾರಿಗೂ ತಿಳಿಯಲಿಲ್ಲ. 2007ರ ಏಪ್ರಿಲ್‌ನಲ್ಲಿ 'ಎಚ್' ಎಂಬ ಸ್ಟೇಬಲ್ ಆವೃತ್ತಿ ಈ ದೋಷವನ್ನು ಹೊತ್ತೇ ಹೊರಬಂತು. ಲೂಸಿಯಾನೋ ಬೆಲ್ಲೋ ಅದನ್ನು ಪತ್ತೆಹಚ್ಚಿ ವಿಷಯ ಬಹಿರಂಗವಾದದ್ದು 2008ರ ಮೇ ತಿಂಗಳಲ್ಲಿ. ಕಾಲ ಕಳೆದ ಮಾತ್ರಕ್ಕೆ ಪರೀಕ್ಷೆ ಆದಂತಲ್ಲ.

2024ರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ ನಿರ್ವಹಣೆಯೊಳಗೆ 'ಜಿಯಾ ಟ್ಯಾನ್' ಹೆಸರಿನಲ್ಲಿ ಸೇರಿಕೊಂಡು, ವರ್ಷಗಟ್ಟಲೆ ಒಳ್ಳೆಯವನಂತೆ ನಡೆದುಕೊಂಡ ಯಾರೋ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ಅವು ಸಿಡ್‌ಗೂ ಟೆಸ್ಟಿಂಗ್‌ಗೂ ಬಂದವು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯ್ಂಡ್ ಅವರ ಯಂತ್ರದಲ್ಲಿದ್ದದ್ದು ಸಿಡ್. ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದು ಅವರ ಗಮನಕ್ಕೆ ಬಂತು. ಕೆಲವು ವಾರಗಳ ಹಿಂದೆ ವಾಲ್‌ಗ್ರೈಂಡ್ ತೆಗೆದಿದ್ದ ವಿಚಿತ್ರ ತಕರಾರೊಂದೂ ನೆನಪಾಯಿತು. ಅಂದು ಬಾಯಿ ಮುಚ್ಚಿಸಿಕೊಂಡಿದ್ದ ಸಾಧನದ ಮಾತನ್ನು ಈ ಸಲ ಒಬ್ಬರು ಕೇಳಿಸಿಕೊಂಡರು. ಮಾರ್ಚ್ 29ರಂದು ಸುದ್ದಿ ಹೊರಬಿದ್ದಾಗ ಸ್ಟೇಬಲ್‌ನಲ್ಲಿ ಇನ್ನೂ 5.4.1 ಇತ್ತು. ಆ ಬಳಕೆದಾರರಿಗೆ ಏನೂ ಆಗಲಿಲ್ಲ.

ಏನೂ ಆಗದಿರುವುದಕ್ಕೆ ಕಾರಣ ಅವರ ಜಾಣತನವೇ? ಅರ್ಧ ಮಾತ್ರ. ಉಳಿದರ್ಧ ಅಪಾಯದ ಜಾಗದಲ್ಲಿ ಕೂತು ಕಣ್ಣು ತೆರೆದುಕೊಂಡಿದ್ದವರ ಋಣ. ಎಲ್ಲರೂ ಸ್ಟೇಬಲನ್ನೇ ಆರಿಸಿಕೊಂಡರೆ ಸ್ಟೇಬಲ್ ಎಂಬುದೇ ಉಳಿಯುವುದಿಲ್ಲ. ಕಾಂಟ್ ಕೇಳುತ್ತಿದ್ದ ಪ್ರಶ್ನೆಯೇ ಇದು: ನೀನು ನಡೆಯುವ ನಿಯಮ ಎಲ್ಲರ ನಿಯಮವಾಗಬಲ್ಲದೇ? ಹಾಗೆಂದು ಆಸ್ಪತ್ರೆಯ ಸರ್ವರ್ ಟೆಸ್ಟಿಂಗ್‌ನಲ್ಲಿ ಓಡಲಿ ಎನ್ನುವುದು ಹುಚ್ಚುತನ. ಅಲ್ಲಿ ಕೆಡುಕಾದರೆ ಅನುಭವಿಸುವವರು ಆರಿಸಿದವರಲ್ಲ, ರೋಗಿಗಳು.

ಟೆಸ್ಟಿಂಗ್ ಎಂದರೆ ಎರಡು ತುದಿಗಳ ನಡುವಿನ ಮಧ್ಯಮಮಾರ್ಗ ಎಂದು ನಂಬಿದವರೂ ಇದ್ದಾರೆ. ಸುರಕ್ಷತೆಯ ವಿಷಯದಲ್ಲಿ ಇದು ನಿಲ್ಲದ ಮಾತು. ಸ್ಟೇಬಲ್‌ಗೆ ಭದ್ರತಾ ತಂಡದಿಂದಲೇ ತಿದ್ದುಪಡಿ ಬರುತ್ತದೆ, ಸಿಡ್‌ಗೆ ನಿರ್ವಾಹಕರಿಂದ ನೇರವಾಗಿ. ಟೆಸ್ಟಿಂಗ್ ಮಾತ್ರ ಬಹಳಷ್ಟು ಸಲ ಸಿಡ್‌ನಿಂದ ದಾಟಿ ಬರುವುದನ್ನೇ ಕಾಯಬೇಕು.

ಕನ್ನಡಿಗರ ಮಟ್ಟಿಗೆ ಮೊದಲು ಕುಡಿದು ನೋಡುವವರ ಋಣದ ಲೆಕ್ಕ ಇನ್ನಷ್ಟು ನೇರವಾಗಿದೆ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಪ್ಯಾಕೇಜುಗಳಾಗಿ ಸಿಗುತ್ತವೆ; ಅಕ್ಷರಗಳನ್ನು ಜೋಡಿಸಿ ಒತ್ತು ಕೊಡುವ ಕೆಲಸ ಹೆಚ್ಚಾಗಿ ಹಾರ್ಫ್‌ಬಝ್ ಎಂಬ ಲೈಬ್ರರಿಯದು. ಅದರ ಹೊಸ ಆವೃತ್ತಿಯಲ್ಲಿ ಒಂದು ಒತ್ತಕ್ಷರ ತಪ್ಪು ಜಾಗದಲ್ಲಿ ಕೂತರೆ ಬರ್ಲಿನ್‌ನಲ್ಲಿ ಕೂತು ಟೆಸ್ಟಿಂಗ್ ಬಳಸುವವರಿಗೆ ಅದು ತಪ್ಪೆಂದು ಗೊತ್ತಾಗುವ ಸಂಭವ ಕಡಿಮೆ. ದೂರು ಬರುವುದಿಲ್ಲ, ದಿನ ಕಳೆಯುತ್ತದೆ, ಪ್ಯಾಕೇಜು ದಾಟುತ್ತದೆ. ಮುಂದೆ ಸ್ಟೇಬಲ್‌ನಲ್ಲಿ ಅದನ್ನು ಕಂಡ ಕನ್ನಡಿಗರು ದೂರು ಕೊಟ್ಟಾಗ, ಗಂಭೀರವಲ್ಲದ ಬದಲಾವಣೆಗಳನ್ನು ಸ್ಟೇಬಲ್ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಿದ್ದುಪಡಿಗೆ ಮುಂದಿನ ಬಿಡುಗಡೆಯನ್ನೇ ಕಾಯಬೇಕಾದೀತು. 2025ರ ಆಗಸ್ಟ್‌ನಲ್ಲಿ 'ಟ್ರಿಕ್ಸಿ' ಸ್ಟೇಬಲ್ ಆದ ಮೇಲೆ ಟೆಸ್ಟಿಂಗ್‌ಗೆ ಬಂದಿರುವ ಹೆಸರು 'ಫೋರ್ಕಿ'. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದು ಸುಮ್ಮನೆ ಬಿದ್ದಿದ್ದರೆ ಅದಕ್ಕೆ ಫೋರ್ಕಿ ಹಾಕಿ, ನಾಲ್ಕು ಪುಟ ಕನ್ನಡ ಟೈಪು ಮಾಡಿ, ತಪ್ಪು ಕಂಡರೆ ಒಂದು ಬಗ್ ವರದಿ ಕಳಿಸುವುದಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ, ಕನ್ನಡ ಓದಲು ಬಂದರೆ ಆಯಿತು.