ಒಡೇರ ಕುರ್ಚಿಗೆ ಬಣ್ಣ

ಹೋದ ಬೇಸಿಗೆಯಲ್ಲಿ ನಮ್ಮ ಮನೆಗೆ ಒಂದು ಕುರ್ಚಿ ಬಂತು. ಊರಿನ ಒಡೇರ ಹಳೇ ಮನೆ ಕೆಡವುವ ಕೂಲಿಗೆ ಹೋಗಿದ್ದ ಅಣ್ಣ, ಎರಡು ದಿನದ ಕೂಲಿ ಮುರಿಸಿಕೊಂಡು ಅದನ್ನು ಹೊತ್ತು ತಂದಿದ್ದ. ಹಲಸಿನ ಮರದ ಕೈಕುರ್ಚಿ. ಸೀಟಿನ ಬಟ್ಟೆ ಹರಿದು ತೆಂಗಿನ ನಾರು ಹೊರಗೆ ಬಂದಿತ್ತು. ಒಂದು ಕಾಲು ಅಲ್ಲಾಡುತ್ತಿತ್ತು.

ಈ ಕುರ್ಚಿಯ ಕತೆ ನಮಗೆ ಗೊತ್ತಿದ್ದದ್ದೇ. ಕುಮಟಾ ತಾಲೂಕಿನ ಅಘನಾಶಿನಿ ದಂಡೆಯ ಗಜನಿಯಲ್ಲಿ ಕಗ್ಗ ಭತ್ತ ಬೆಳೆದು, ಗೇಣಿ ಹೊತ್ತುಕೊಂಡು ಹೋದ ನಮ್ಮಜ್ಜ ಅಂಗಳದಲ್ಲಿ ನಿಂತಿರುತ್ತಿದ್ದ. ಒಡೇರು ಜಗಲಿಯ ಮೇಲೆ ಇದೇ ಕುರ್ಚಿಯಲ್ಲಿ ಕೂತು ಕೊಳಗ ಎಣಿಸುತ್ತಿದ್ದರು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿ ಹೋಯಿತು. ಅಜ್ಜ ಅಂಗಳದಲ್ಲಿ ನಿಲ್ಲುವುದು ಹೋಗಲಿಲ್ಲ.

ಒಬ್ಬ ಗೆಳೆಯ, 'ಒಲೆಗೆ ಹಾಕ್ರೋ ಅದನ್ನ' ಅಂದ. ಅವನ ಸಿಟ್ಟು ನಮ್ಮದೂ ಹೌದು. ಆದರೆ ಕೇಳಿಕೊಂಡೆವು: ಈ ಮರ ಕಡಿದವರು ಯಾರು? ಹೊತ್ತು ತಂದವರು ಯಾರು? ಉಳಿ ಹಿಡಿದು ಬೆವರು ಸುರಿಸಿದ ಆಚಾರಿಯೂ ಆ ಜಗಲಿಯಲ್ಲಿ ಒಡೇರ ಸಮನಾಗಿ ಕೂತವನೇನಲ್ಲ. ದುಡಿದವರೆಲ್ಲ ಕೆಳಗೆ, ದುಡಿಯದವನು ಮೇಲೆ. ಸುಟ್ಟರೆ ನಮ್ಮವರ ದುಡಿಮೆಯೇ ಸುಡುತ್ತದೆ. ಹಾಗಾದರೆ ಇದ್ದ ಹಾಗೇ ಬಣ್ಣ ಬಳಿದು ಕೂತುಬಿಡೋಣವೇ? ಅದೂ ಸರಿಯಲ್ಲ ಅನ್ನಿಸಿತು. ಯಾಕೆ ಅನ್ನುವುದನ್ನು ಕೆಲಸವೇ ಕಲಿಸಿತು.

ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಹಳೇ ಬಣ್ಣದ ಮೇಲೆ ಹೊಸ ಬಣ್ಣ ನಿಲ್ಲುವುದಿಲ್ಲ. ಒಳಗೆ ತೇವವಿದ್ದರೆ ಮಳೆಗಾಲ ಮುಗಿಯುವುದರೊಳಗೆ ಹೊಪ್ಪಳಿಕೆ ಏಳುತ್ತದೆ. ಮೊದಲು ಹರಕು ಬಟ್ಟೆ, ತುಕ್ಕು ಮೊಳೆ ಕಿತ್ತೆವು. ನಾರಿನೊಳಗೆ ಒರಲೆ ಗೂಡು ಸಿಕ್ಕಿತು. ಹಳೇ ಬಣ್ಣ ಕೆರೆದು, ಮರದ ಎಳೆ ಹಿಡಿದು ಉಪ್ಪುಕಾಗದ ತಿಕ್ಕಿದೆವು. ಕಪ್ಪಗಿದ್ದ ಮರದೊಳಗಿಂದ ಹಲಸಿನ ಹಳದಿ ಕಾಣಿಸಿತು. ಸಡಿಲಾದ ಸಂದು ಬಿಚ್ಚಿ ಮತ್ತೆ ಕೂಡಿಸಿದೆವು. ಹೊನ್ನಾವರದಿಂದ ಬಣ್ಣ, ಭಟ್ಕಳದ ಪೇಟೆಯಿಂದ ಬಟ್ಟೆ ತಂದೆವು. ಮೂರು ದಿನ ಬಿಸಿಲಿಗಿಟ್ಟು ಎರಡು ಸಲ ಬಳಿದೆವು. ಬಟ್ಟೆಯನ್ನು ಮೊದಲು ನಾಲ್ಕೂ ಬದಿಯ ನಡುವೆ ಎಳೆದು ಮೊಳೆ ಹೊಡೆದು, ಆಮೇಲೆ ಮೂಲೆಗೆ ಬಂದೆವು.

ಗೆಳೆಯರೇ, ನಮ್ಮ ಸಮಾಜಕ್ಕೆ ಕೆರೆಯುವ ತಾಳ್ಮೆ ಇಲ್ಲ. ಬಳಿಯುವ ಅವಸರ. 'ಹರಿಜನ' ಎಂಬ ಹೆಸರೂ ಅಂಥ ಒಂದು ಬಣ್ಣ. 1933ರಲ್ಲಿ ಗಾಂಧೀಜಿ ಆ ಹೆಸರಿನ ಪತ್ರಿಕೆಯನ್ನೇ ಶುರು ಮಾಡಿದರು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆ ಹೆಸರನ್ನು ವಿರೋಧಿಸಿ ಅಂಬೇಡ್ಕರ್ ತಮ್ಮವರೊಂದಿಗೆ ಹೊರನಡೆದರು. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲಿತ್ತು. ಹೆಸರು ಚಂದವಾಯಿತು, ಬಾವಿಯ ಹತ್ತಿರ ಹೋಗಲು ಬಿಟ್ಟರೇ?

1993ರ ಏಪ್ರಿಲ್‌ನಲ್ಲಿ 73ನೇ ತಿದ್ದುಪಡಿ ಜಾರಿಗೆ ಬಂದು ಪಂಚಾಯ್ತಿ ಅಧ್ಯಕ್ಷರ ಕುರ್ಚಿಯಲ್ಲೂ ನಮಗೆ ಮೀಸಲಾತಿ ಸಿಕ್ಕಿತು. ಇದು ಬಣ್ಣವಲ್ಲ, ಹೋರಾಡಿ ಪಡೆದ ಹಕ್ಕು. ಆದರೂ 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈಯಲ್ಲಿ ದಲಿತ ಅಧ್ಯಕ್ಷೆ ಸಭೆಯಲ್ಲಿ ನೆಲದ ಮೇಲೆ ಕೂತ ಚಿತ್ರವನ್ನು ದೇಶವೇ ನೋಡಿತು. ಉಳಿದವರು ಕುರ್ಚಿಯಲ್ಲಿದ್ದರು. ಅದಕ್ಕೂ ಹಿಂದೆ, 2019ರಲ್ಲಿ, ಉತ್ತರಾಖಂಡದ ಟೆಹ್ರಿ ಜಿಲ್ಲೆಯ ಒಂದು ಮದುವೆಯಲ್ಲಿ ಹೊಡೆತ ತಿಂದ ದಲಿತ ಯುವಕ ತೀರಿಕೊಂಡ. ಮೇಲ್ಜಾತಿಯವರ ಎದುರು ಕುರ್ಚಿಯಲ್ಲಿ ಕೂತು ಉಂಡದ್ದಕ್ಕೇ ಹೊಡೆದರೆಂಬುದು ಮನೆಯವರ ದೂರು. ರಾಜಕೀಯದಲ್ಲಿ ಸಮಾನತೆ ಬಂದರೂ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ ಅಲ್ಲವೇ?

ಕುರ್ಚಿ ತಯಾರಾಯಿತು. ಅವ್ವನನ್ನು ಕರೆದು, 'ಕೂತ್ಕೋ' ಅಂದೆವು. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಹೊಸ ಬಟ್ಟೆ ಮುಟ್ಟಿ ನೋಡಿದಳು. ಆಮೇಲೆ ಅದರ ಪಕ್ಕ ನೆಲದ ಮೇಲೆ ಕೂತಳು. 'ಬ್ಯಾಡ ಮಗಾ, ಯಂಗೆ ನೆಲವೇ ಸಾಕು.'

ನಮಗೆ ಸಿಟ್ಟು ಬಂತು. ಇಷ್ಟು ಓದಿಸಿದವಳಿಗೆ ಇಷ್ಟೂ ಧೈರ್ಯ ಇಲ್ಲವೇ ಅಂದುಕೊಂಡೆವು. ಡಿಗ್ರಿ ಮಾಡಿದ ನಮ್ಮ ಸೊಕ್ಕು ಅದು. ಆಮೇಲೆ ಗಮನಿಸಿದೆವು: 'ಬ್ಯಾಡ' ಅನ್ನುವ ಮೊದಲು ಅವ್ವ ಕುರ್ಚಿಯನ್ನು ನೋಡಿರಲಿಲ್ಲ, ತೆರೆದ ಬಾಗಿಲಿನ ಆಚೆ ರಸ್ತೆಯನ್ನು ನೋಡಿದ್ದಳು. ಅಲ್ಲಿ ಯಾರು ಹಾಯುತ್ತಾರೆ, ನಾಳೆ ಯಾರ ತೋಟದ ಕೆಲಸ ತಪ್ಪುತ್ತದೆ ಎಂಬ ಲೆಕ್ಕ ಅವಳಿಗೆ ಗೊತ್ತು. ಹೆದರಿಕೆ ಅವಳು ಹುಟ್ಟಿಸಿಕೊಂಡದ್ದಲ್ಲ. ಹುಟ್ಟಿಸಿದವರನ್ನು ಬಿಟ್ಟು ಅವಳನ್ನು ಹಳಿಯುವುದು ಯಾವ ನ್ಯಾಯ?

ಆ ರಾತ್ರಿ ಬಾಗಿಲು ಹಾಕಿದ ಮೇಲೆ ಅವ್ವ ಕೂತಳು. ಸ್ವಲ್ಪ ಹೊತ್ತು, ಕೈ ಮೇಲೆ ಕೈ ಇಟ್ಟುಕೊಂಡು.

ಆದ್ದರಿಂದ ನಮ್ಮ ಮಾತು ಇಷ್ಟೇ. ಹಳೆಯದನ್ನೆಲ್ಲ ಸುಡಬೇಕಿಲ್ಲ, ನಮ್ಮ ಬೆವರು ಬಿದ್ದದ್ದೆಲ್ಲ ನಮ್ಮದೇ. ಆದರೆ ಕೆರೆಯದೆ ಬಳಿಯುವುದನ್ನು ಒಪ್ಪಲಾರೆವು. ಕುರ್ಚಿ ಹೊಸದಾಯಿತೋ ಇಲ್ಲವೋ ಎಂದು ಹೇಳಬೇಕಾದವರು ಬಣ್ಣ ಬಳಿದವರಲ್ಲ. ಬಾಗಿಲು ತೆರೆದಿರುವಾಗ ಅವ್ವ ಅದರಲ್ಲಿ ಕೂತ ದಿನ ಅವಳೇ ಹೇಳಬೇಕು.

ಕುರ್ಚಿಯನ್ನು ಜಗಲಿಯಲ್ಲಿ, ರಸ್ತೆಗೆ ಕಾಣುವ ಹಾಗೆ ಇಟ್ಟಿದ್ದೇವೆ. ಅವ್ವ ಇನ್ನೂ ಅಲ್ಲಿ ಕೂತಿಲ್ಲ.